ತೆರೆಯದ ಸ್ಕ್ಯಾನ್ ರಿಪೋರ್ಟು

ಅಕ್ಕನ ಹೊಟ್ಟೆಯ ಸ್ಕ್ಯಾನ್ ರಿಪೋರ್ಟು ದಾವಣಗೆರೆಯಿಂದ ನನ್ನ ಮೊಬೈಲಿಗೆ ಬಂದಿತ್ತು. ಹರಪನಹಳ್ಳಿಯ ನಮ್ಮ ಡಾಕ್ಟರು ಕಾಗದದಲ್ಲೇ ನೋಡುವವರು. ಅವರು ಮನೆಗೆ ಹೊರಡುವ ಮೊದಲು ಪ್ರಿಂಟ್ ತೆಗೆಸಲು ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಹೋದೆವು. ಫೈಲು ಡೌನ್‌ಲೋಡ್ ಆಯಿತು, ತೆರೆಯಲಿಲ್ಲ. ಅಕ್ಕ ಹುಟ್ಟಿದ ಇಸವಿಯೇ ಅದರ ಪಾಸ್‌ವರ್ಡ್ ಎಂದು ಜೊತೆಗೆ ಬಂದ ಮೆಸೇಜಿನಲ್ಲಿತ್ತು. ಆಧಾರ್ ಕಾರ್ಡಿನ ಇಸವಿ ಹಾಕಿದರೆ ತಪ್ಪು ಎಂದಿತು.

"ಫೈಲೇ ಕೆಟ್ಟೈತಿ, ದಾವಣಗೆರಿಗೆ ಹೋಗಿ ತರ್ರಿ" ಅಂದ ಅಂಗಡಿಯವನು.

ಮೆಕ್ಕೆಜೋಳದ ವ್ಯಾಪಾರ ಮಾಡಿ ಬೆಳೆದವನು ನಾನು. ಮಾಲು ಕೆಟ್ಟಿದೆ ಅಂದಕೂಡಲೇ ಒಪ್ಪುವವನಲ್ಲ.

"ಅಕ್ಕಾ, ಅಲ್ಲಿ ಚೀಟಿ ಬರೆಸುವಾಗ ವಯಸ್ಸು ಎಷ್ಟು ಹೇಳಿದ್ದಿ?"

"ಐವತ್ತು."

"ಅರವತ್ತು ದಾಟೈತಲ್ಲ!"

"ಮುದುಕಿ ಅಂದ್ರ ಡಾಕ್ಟರು ಉಳಸೋ ಆಸೆ ಬಿಟ್ಟು ನೋಡ್ತಾರ. ನೀನೊಬ್ಬನೇ ಏನು ಚೌಕಾಸಿ ಮಾಡೋನು?"

ಐವತ್ತು ವರ್ಷ ಹಿಂದಿನ ಇಸವಿ ಹಾಕಿಸಿದೆ, ತೆರೆಯಿತು. ನೀವೂ ಅಷ್ಟೇ, ಆಸ್ಪತ್ರೆಯಲ್ಲಿ ಏನು ಬರೆಸಿದಿರೆಂದು ಕೌಂಟರಿನಲ್ಲೇ ಓದಿಕೊಂಡು ಬನ್ನಿ.

ಪ್ರಿಂಟ್ ಹಿಡಿದು ಹೋದೆವು. ಡಾಕ್ಟರು ಓದಿ, ಕಾಗದವನ್ನು ಮಗುಚಿ ಇಟ್ಟರು. "ವಯಸ್ಸು ಐವತ್ತೇನಮ್ಮ?"

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಹೇಳಿದಳು: "ಹೌದ್ರಿ, ಐವತ್ತೇ. ಇನ್ನೂ ಗಟ್ಟಿ ಅದೀನ್ರಿ."

ಅವರು ಅವಳನ್ನು ಕೂರಲು ಹೇಳಿ, ನನ್ನನ್ನು ಹೊರಗೆ ಕರೆದರು.