ಮೂರನೇ ಮೇಜಿನ ಸ್ಟಾಪ್‌ವಾಚ್

ಕೊರೊನಾ ಮುಗಿದು ಕಾಲೇಜುಗಳು ಪೂರ್ತಿಯಾಗಿ ತೆರೆದ ವರ್ಷ ನಾನು ಬಂಟ್ವಾಳ ತಾಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಉಪನ್ಯಾಸಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಕಟ್ಟುನಿಟ್ಟಿನ ಮೇಷ್ಟ್ರು ಎಂದು ಹೆಸರಾಗಿತ್ತು. ಆ ಹೆಸರು ನನಗೆ ಇಷ್ಟವೂ ಆಗಿತ್ತು.

ಪ್ರಥಮ ಪಿಯುಸಿಯ ಮಕ್ಕಳಿಗೆ ಮೊದಲು ಮಾಡಿಸುವ ಪ್ರಯೋಗಗಳಲ್ಲಿ ಸರಳ ಲೋಲಕ ಒಂದು. ದಾರದ ತುದಿಗೆ ಲೋಹದ ಗುಂಡನ್ನು ಕಟ್ಟಿ ತೂಗುಬಿಡುತ್ತೇವೆ. ಅದು ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಬೇಕೆಂದು ಸ್ಟಾಪ್‌ವಾಚಿನಲ್ಲಿ ಅಳೆಯುತ್ತೇವೆ. ದಾರದ ಉದ್ದ ಮತ್ತು ಆ ಸಮಯದಿಂದ ಭೂಮಿಯ ಗುರುತ್ವ ವೇಗೋತ್ಕರ್ಷ, ಅಂದರೆ ‘ಜಿ’, ಲೆಕ್ಕ ಹಾಕಬಹುದು. ಉತ್ತರ 9.8ರ ಆಸುಪಾಸಿನಲ್ಲಿ ಬರಬೇಕು. ನೂರು ಸೆಂಟಿಮೀಟರ್ ದಾರಕ್ಕೆ ಸಮಯ ನಲವತ್ತು ಸೆಕೆಂಡಿಗಿಂತ ಚೂರು ಹೆಚ್ಚು.

ಮೂರನೇ ಮೇಜಿನಲ್ಲಿ ಐದು ಮಂದಿ ಇದ್ದರು. ಅವರಲ್ಲೊಬ್ಬಳು ದೀಕ್ಷಾ. ವಾಮದಪದವು ಎಂಬ ಊರಿನವಳು, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅಮ್ಮ ಬೀಡಿ ಕಟ್ಟುತ್ತಿದ್ದರು. ಉಳಿದ ನಾಲ್ವರೂ 9.8 ತೋರಿಸಿ ಸಹಿ ಹಾಕಿಸಿಕೊಂಡು ಹೋದರು. ಇವಳ ರೆಕಾರ್ಡ್ ಪುಸ್ತಕದಲ್ಲಿ ಸಮಯ 41.1 ಸೆಕೆಂಡು, ಜಿ 9.35.

“ಎಂತ ಇದು?”

“ಮೂರು ಸಲ ಮಾಡಿದೆ ಸರ್. ಅಷ್ಟೇ ಬರ್ತದೆ.”

“ವಾಮದಪದವಿನಲ್ಲಿ ಭೂಮಿಗೆ ಜೋರು ಕಮ್ಮಿಯಾ?” ಎಂದು ಇಡೀ ತರಗತಿಗೆ ಕೇಳುವಂತೆ ಹೇಳಿದೆ. ಎಲ್ಲರೂ ನಕ್ಕರು. ಅವರು ನಗಲಿ ಎಂದೇ ಹೇಳಿದ್ದು. ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಅಂದಿನಿಂದ ಹುಡುಗರು ಅವಳನ್ನು ‘ಕಮ್ಮಿ ಜೋರು’ ಎಂದು ಕರೆಯತೊಡಗಿದರು. ಅದು ನನ್ನ ಕಿವಿಗೂ ಬಿತ್ತು. ತಡೆಯಲಿಲ್ಲ.

ಸಹಿಯಿಲ್ಲದ ರೆಕಾರ್ಡ್ ಇದ್ದವರನ್ನು ನಾವು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಹಾಗಾಗಿ ಅವಳು ಮೂರು ವಾರ ಮಧ್ಯಾಹ್ನದ ಊಟ ಬಿಟ್ಟು ಲ್ಯಾಬಿಗೆ ಬಂದಳು. ಅದೇ ಮೇಜು, ಆ ಮೇಜಿಗೆಂದೇ ಇಟ್ಟಿದ್ದ ಅದೇ ವಾಚು. ಪ್ರತಿ ಸಲವೂ 9.3, 9.4. ಪ್ರತಿ ಸಲವೂ ನಾನು ಗೆರೆ ಎಳೆದೆ. ಒಂದು ದಿನ ಅವಳು ಮೆಲ್ಲಗೆ, “ಸರ್, ಬೇರೆ ವಾಚಿನಲ್ಲಿ ಒಮ್ಮೆ ನೋಡುವನಾ?” ಎಂದಳು.

“ಕುಣಿಯಲು ಬಾರದವಳು ನೆಲ ಡೊಂಕು ಅಂದ ಹಾಗೆ ಮಾತಾಡಬೇಡ. ನಾಳೆ ಅಮ್ಮನನ್ನು ಕರೆದುಕೊಂಡು ಬಾ” ಎಂದೆ.

ಮರುದಿನ ಅವಳ ಅಮ್ಮ ಬೆಳಗ್ಗಿನ ಬಸ್ಸಿನಲ್ಲಿ ಬಂದು ಸ್ಟಾಫ್ ರೂಮಿನ ಹೊರಗೆ ನಿಂತಿದ್ದರು. ಎರಡು ಪೀರಿಯಡ್ ಕಾಯಿಸಿದೆ.

“ಅವಳು ಸುಳ್ಳು ಬರೆಯುವವಳಲ್ಲ ಸರ್” ಎಂದರು.

“ಸಯನ್ಸ್ ಎಲ್ಲರಿಗೂ ಆಗುವುದಿಲ್ಲಮ್ಮ. ಮೊದಲೇ ಯೋಚನೆ ಮಾಡಬೇಕಿತ್ತು.”

ಅವರ ಮುಖ ಸಣ್ಣದಾಯಿತು. ಮಗಳ ಕಡೆ ತಿರುಗಿ, ಸರ್ ಹೇಳಿದ್ದನ್ನು ಬರೆದುಕೊಡು, ಹಟ ಮಾಡಬೇಡ ಎಂದು ತುಳುವಿನಲ್ಲಿ ಬೇಡಿಕೊಂಡರು. ಮರುದಿನ ದೀಕ್ಷಾ ಲೋಲಕವನ್ನು ಮುಟ್ಟಲೂ ಇಲ್ಲ. ಪುಸ್ತಕ ತಂದು ನನ್ನ ಮುಂದಿಟ್ಟಳು. ಸಮಯ 40.1, ಜಿ 9.82.

“ನೋಡು, ಮನಸ್ಸಿಟ್ಟು ಮಾಡಿದರೆ ಬರ್ತದೆ” ಎಂದು ಸಹಿ ಹಾಕಿದೆ. ಅವಳು ತಲೆಯೆತ್ತಲಿಲ್ಲ.

ಮಾರ್ಚಿನಲ್ಲಿ ಲ್ಯಾಬಿನ ಸಾಮಾನುಗಳ ತಪಾಸಣೆಗೆ ಕುಳಿತೆವು. ಅಟೆಂಡರ್ ಲೋಕಯ್ಯ ಒಂದೊಂದೇ ಸ್ಟಾಪ್‌ವಾಚನ್ನು ತನ್ನ ಮೊಬೈಲಿನ ಜೊತೆ ಐದು ನಿಮಿಷ ಓಡಿಸಿ ನೋಡುತ್ತಿದ್ದ. ಮೂರನೇ ಮೇಜಿನದು ಬಂದಾಗ ಮೊಬೈಲಿನಲ್ಲಿ ಮುನ್ನೂರು ಸೆಕೆಂಡು, ವಾಚಿನಲ್ಲಿ ಮುನ್ನೂರ ಏಳು.

“ಇದು ಮುಂದೆ ಓಡ್ತದೆ ಸರ್” ಎಂದ.

ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಆ ವಾಚಿನಲ್ಲಿ ಅಳೆದರೆ ನಲವತ್ತರ ಜಾಗದಲ್ಲಿ ನಲವತ್ತೊಂದು ಬರಬೇಕು, ಜಿ 9.35 ಬರಬೇಕು. ಆ ಮೇಜಿನ ಐವರಲ್ಲಿ ನಾಲ್ವರು ಉತ್ತರವನ್ನು ಮೊದಲು ಬರೆದು, ಹಿಂದಿನಿಂದ ಲೆಕ್ಕ ಹಾಕಿ ಸಮಯ ತುಂಬಿಸಿದ್ದರು. ಅವರಿಗೆ ಪೂರ್ಣ ಅಂಕ ಕೊಟ್ಟಿದ್ದೆ. ಪ್ರಯೋಗ ಮಾಡಿದವಳು ಒಬ್ಬಳೇ. ಅವಳಿಗೂ ಕೊನೆಗೆ ಕಳ್ಳಲೆಕ್ಕ ಕಲಿಸಿದ್ದೆ.

“ನಿರುಪಯುಕ್ತ ಅಂತ ಬರೆದು ಬಿಸಾಡು” ಎಂದೆ ಲೋಕಯ್ಯನಿಗೆ. ಬೇರೆ ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷದ ಹೆಸರು ಒಬ್ಬ ಹುಡುಗಿಯ ಮುಂದೆ ಮಣ್ಣಾಗುವುದು ಬೇಡ ಅನಿಸಿತು. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಜೂನಿನಲ್ಲಿ ದೀಕ್ಷಾ ಟಿಸಿಗೆ ಬೇಕಾದ, ಲ್ಯಾಬಿನ ಬಾಕಿ ಇಲ್ಲವೆಂಬ ಸಹಿ ಕೇಳಿಕೊಂಡು ಬಂದಳು. ಬೆಳ್ತಂಗಡಿ ಕಡೆಯ ಕಾಲೇಜೊಂದರಲ್ಲಿ ಆರ್ಟ್ಸ್‌ಗೆ ಸೇರುತ್ತಾಳಂತೆ.

“ಯಾಕೆ ಬಿಡ್ತಿ? ಪಾಸಾಗಿದ್ದೀಯಲ್ಲ” ಎಂದೆ.

“ನನಗೆ ಸಯನ್ಸ್ ಆಗುವುದಿಲ್ಲ ಸರ್.”

ಅದು ನನ್ನದೇ ಮಾತು. ವಾಚಿನ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದೆ.

ನಿವೃತ್ತನಾದ ಮೇಲೆ, ಕಳೆದ ವರ್ಷ, ಹೆಂಡತಿಯ ಜೊತೆ ಮೂಡುಬಿದಿರೆಯ ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆ. ಸೀರೆ ತೋರಿಸುತ್ತಿದ್ದವಳು ದೀಕ್ಷಾ. ಗುರುತು ಹಿಡಿದು ನಮಸ್ಕಾರ ಹೇಳಿದಳು. ತಡೆದುಕೊಳ್ಳಲಾಗದೆ ಅಲ್ಲೇ ಹೇಳಿಬಿಟ್ಟೆ: ವಾಚು ಕೆಟ್ಟಿತ್ತು, ನಿನ್ನ ರೀಡಿಂಗ್ ಸರಿಯಿತ್ತು, ನನ್ನನ್ನು ಕ್ಷಮಿಸು.

ಅವಳು ಕೈಯಲ್ಲಿದ್ದ ಸೀರೆಯನ್ನು ನಿಧಾನವಾಗಿ ಮಡಚಿದಳು. “ನಿಮಗೆ ಯಾವಾಗ ಗೊತ್ತಾದದ್ದು ಸರ್?”

“ಮಾರ್ಚಿನಲ್ಲಿ.”

“ನಾನು ಟಿಸಿ ತೆಗೆದದ್ದು ಜೂನಿನಲ್ಲಿ.”

ಅಷ್ಟೇ. ಇನ್ನೊಬ್ಬ ಹುಡುಗಿಯನ್ನು ಕರೆದು, “ಇವರಿಗೆ ನೀನು ತೋರಿಸು” ಎಂದು ಹೇಳಿ ಒಳಗೆ ಹೋದಳು. ನನ್ನ ಹೆಂಡತಿ ಸೀರೆ ಕೊಳ್ಳದೆ ಎದ್ದಳು.

ಹೊಸ ಉಪನ್ಯಾಸಕರು ಈಗಲೂ ಕೆಲವೊಮ್ಮೆ ಸಲಹೆ ಕೇಳಿಕೊಂಡು ಬರುತ್ತಾರೆ. ಮಗುವಿನ ಉತ್ತರ ತಪ್ಪಿ ಬಂದರೆ ಮೊದಲು ಉಪಕರಣವನ್ನು ನೋಡಿ ಎನ್ನುತ್ತೇನೆ. ಅದನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ: ತಪ್ಪಾಯಿತೆಂದು ಗೊತ್ತಾದ ದಿನವೇ ಆ ಮಗುವಿನ ಮನೆಗೆ ಹೋಗಿ. ಆಮೇಲೆ ಕೇಳುವ ಕ್ಷಮೆಯಿಂದ ಹಗುರಾಗುವುದು ಮೇಷ್ಟ್ರು ಮಾತ್ರ.