ಮೂಗಕ್ಕನ ಮೂಗು

ಆ ವ್ಯಸನಮುಕ್ತಿ ಕೇಂದ್ರದಲ್ಲಿದ್ದ ಗಂಡಸರು ಡಾಕ್ಟರಿಗೆ ಹೆದರುತ್ತಿರಲಿಲ್ಲ. ಗೇಟಿನ ಕಾವಲುಗಾರನಿಗಂತೂ ಹೆದರುತ್ತಲೇ ಇರಲಿಲ್ಲ, ಅವನ ಕೈಗೊಂದು ಸಿಗರೇಟು ತುರುಕಿದರೆ ಆಯಿತು. ಅವರು ಹೆದರುತ್ತಿದ್ದದ್ದು ಒಂದು ಮೂಗಿಗೆ. ಹೊರಗೆ ಕೆಲಸಕ್ಕೆ ಹೋದವರು ಸಂಜೆ ಹಿಂತಿರುಗುವಾಗ ಕೇಸ್ ಮ್ಯಾನೇಜರಮ್ಮ ಬಾಗಿಲಿಗೆ ಅಡ್ಡ ನಿಂತು, ಒಬ್ಬೊಬ್ಬರ ಕಡೆಗೂ ಕತ್ತು ಚಾಚಿ, ಒಮ್ಮೆ ಮೂಸಿ, "ಹೋಗು" ಅನ್ನುತ್ತಿದ್ದಳು. "ನಿಲ್ಲು" ಅಂದಳೋ, ಮುಗಿಯಿತು ಕಥೆ. ಲವಂಗ ಅಗಿದು ಬಂದವನನ್ನೂ ಹಿಡಿದಿದ್ದಾಳೆ, ಟೂತ್‌ಪೇಸ್ಟು ನುಂಗಿ ಬಂದ ಮಹಾನುಭಾವನನ್ನೂ ಹಿಡಿದಿದ್ದಾಳೆ. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿ ಯಾರಿಗೂ ಬೇಕಾಗಲಿಲ್ಲ. ಎಲ್ಲರಿಗೂ ಅವಳು ಮೂಗಕ್ಕ. ಸಿಟ್ಟೂ ಮೂಗಿನ ತುದಿಯಲ್ಲೇ ಇದ್ದದ್ದರಿಂದ ಹೆಸರು ಚೆನ್ನಾಗಿ ಒಪ್ಪಿತ್ತು.

ಮೂಗು ಪಳಗಿದ್ದು ಟೀಪುಡಿಯ ಗೋದಾಮಿನಲ್ಲಿ. ಮದುವೆಯಾದ ಹೊಸದರಲ್ಲಿ ಮೂಟೆ ಮೂಟೆ ಟೀಪುಡಿ ಮೂಸಿ ಒಳ್ಳೆಯದು, ಹಳತು, ಮುಗ್ಗಲು ಎಂದು ಬೇರೆ ಮಾಡುವುದೇ ಅವಳ ಉದ್ಯೋಗ. ಗೋದಾಮು ಮುಚ್ಚಿತು. ಕೇಂದ್ರದ ಅಡುಗೆಮನೆ ನೋಡಿಕೊಳ್ಳಲು ಬಂದಳು. ಬಂದ ವಾರವೇ ಅಕ್ಕಿ ಡಬ್ಬದೊಳಗೆ ಹೂತಿಟ್ಟ ಬಾಟಲಿ ಎಳೆದು ಹಾಕಿ, ಇಟ್ಟವನನ್ನು ಎದುರಿಗೆ ಕೂರಿಸಿಕೊಂಡು, ಬೈಯುವುದರ ಬದಲು "ನಿನ್ನ ಮನೇಲಿ ಯಾರ್ಯಾರಿದಾರಪ್ಪ?" ಎಂದು ಕೇಳಿದಳಂತೆ. ಅವನು ಅತ್ತುಬಿಟ್ಟ. ಇವಳು ಇರಬೇಕಾದ ಜಾಗ ಅಡುಗೆಮನೆಯಲ್ಲ ಎಂದು ಡಾಕ್ಟರು ತರಬೇತಿಗೆ ಕಳಿಸಿದರು.

ಕೇಸ್ ಮ್ಯಾನೇಜರ್ ಅಂದರೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಿತ್ತು. "ಡಾಕ್ಟರು ಮಾತ್ರೆ ಕೊಡ್ತಾರೆ, ಕೌನ್ಸೆಲರ್ ಮಾತು ಕೊಡ್ತಾರೆ. ಮಿಕ್ಕಿದ್ದೆಲ್ಲ ನಂದು." ಆ ಮಿಕ್ಕಿದ್ದರಲ್ಲಿ ಏನಿರಲಿಲ್ಲ ಹೇಳಿ! ಕಳೆದುಹೋದ ಗುರುತಿನ ಚೀಟಿ ಮಾಡಿಸುವುದು, ಕೊಳೆತ ಹಲ್ಲು ಕೀಳಿಸುವುದು, ಕೆಲಸ ಕೊಡಿ ಎಂದು ಹತ್ತು ಬಾಗಿಲು ತಟ್ಟುವುದು, ಮುಖ ತಿರುಗಿಸಿ ಕೂತ ಅಣ್ಣ ತಮ್ಮಂದಿರ ಮನೆಗೆ ಕರೆಯದೆ ಹೋಗಿ ಕೂರುವುದು. ನಾಚಿಕೆ ಅನ್ನುವುದನ್ನು ಟೀ ಗೋದಾಮಿನಲ್ಲೇ ಬಿಟ್ಟುಬಂದಿದ್ದಳು.

ಹೋದ ವರ್ಷ ಒಂದು ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ಅವಳ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾಗುತ್ತಿದ್ದಾಗ ಪಕ್ಕದಲ್ಲೇ ಬೆನ್ನು ಹಾಕಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ದರ್ಜಿ ಗಂಡ ಹೊಲಿಗೆ ಯಂತ್ರ ಬಿಟ್ಟು ಓಡಿಬಂದ.

"ಏನೇ ಇದು? ಊರಿಗೆಲ್ಲ ಮೂಗು ನಿಂದು!"

"ಬರ್ತಿಲ್ಲ ಕಣ್ರಿ. ಏನೂ ಬರ್ತಿಲ್ಲ" ಎಂದು ಅವಳು ಅತ್ತಳು. ಗಂಡ ಪಾತ್ರೆ ತಿಕ್ಕುತ್ತ, "ಹೋಗ್ಲಿ ಬಿಡು, ಕನ್ನಡಕ ನಿಲ್ಸೋಕಾದ್ರೂ ಆಗತ್ತೆ" ಎಂದ. ಅಳುತ್ತಿದ್ದವಳು ನಕ್ಕಳು.

ಡಾಕ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಸಂಜೆ ಬಾಗಿಲಲ್ಲಿ ಎಂದಿನಂತೆ ಕತ್ತು ಚಾಚಿದಳು, ಎಂದಿನಂತೆ "ಹೋಗು" ಅಂದಳು. ನಡೆಯಿತು! ಮೂಗು ಸತ್ತಮೇಲೆ ಕಣ್ಣು ಚುರುಕಾಗಿತ್ತು. ಕುಡಿದು ಬಂದವನು ಅತಿ ವಿನಯದವನಾಗುತ್ತಾನೆ. ಕೇಳುವ ಮೊದಲೇ ನೆಪ ಹೇಳುತ್ತಾನೆ. ಚಪ್ಪಲಿ ಬಿಡಲು ಗೋಡೆ ಹುಡುಕುತ್ತಾನೆ. ಅಷ್ಟು ಸಾಕಿತ್ತು ಅವಳಿಗೆ. ಅದೂ ಅಲ್ಲದೆ ಮೂಗಿನ ಭಯ ಒಂದಿದ್ದರೆ ಅರ್ಧ ಜನ ತಾವಾಗಿಯೇ ದಾರಿಗೆ ಬರುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ದರ್ಜಿ ಒಬ್ಬನಿಗೇ.

ಇನ್ನು ಪಾಲಿಶ್ ಮೇಸ್ತ್ರಿಯ ವಿಷಯಕ್ಕೆ ಬರೋಣ. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಮರ ಹೊಳೆಯುವ ತನಕ ತಿಕ್ಕುವುದು ಅವನ ಕಸುಬು. ಸ್ಪಿರಿಟ್ಟೂ ಮದ್ಯಸಾರವೇ, ವಾಸನೆಯೂ ಹೆಂಡದ್ದೇ; ಅದಕ್ಕೇ ಕೇಂದ್ರಕ್ಕೆ ಬಂದಮೇಲೆ ಆ ಕಸುಬು ಬೇಡವೆಂದು ಅವನನ್ನು ಒಂದು ಅಂಗಡಿ ಕಾಯಲು ಹಾಕಿದ್ದರು. ಎರಡೇ ವಾರಕ್ಕೆ ದೂರು ಬಂತು: "ಕಾಯೋದು ಬಿಟ್ಟು ಬಾಗಿಲು ಸವರ್ತಾ ನಿಂತಿರ್ತಾನೆ." ಮೂಗಕ್ಕ ಅವನನ್ನು ಮತ್ತೆ ಪಾಲಿಶ್ ಕೆಲಸಕ್ಕೇ ಕಳಿಸುತ್ತೇನೆಂದಾಗ ಡಾಕ್ಟರು ಹೌಹಾರಿದರು.

"ಬೆಂಕಿ ಪಕ್ಕ ಬೆಣ್ಣೆ ಇಡ್ತೀರೇನಮ್ಮ?"

"ಅವನ ಕೈಗೆ ಮರ ಕೊಡದಿದ್ರೆ ಬಾಟ್ಲಿ ಹಿಡ್ಕೊಳತ್ತೆ ಸಾರ್ ಆ ಕೈ. ನನ್ನ ಜವಾಬ್ದಾರಿ ಇದು."

ಸ್ಪಿರಿಟ್ಟಿನ ಕ್ಯಾನು ಪಾಲಿಶ್ ಅಂಗಡಿಯ ಮಾಲೀಕನ ಬೀಗದಲ್ಲಿ. ಬೇಕಾದಷ್ಟನ್ನು ಅವನೇ ಸುರಿದು ಕೊಡಬೇಕು. ಕೆಲಸ ಎಲ್ಲರಿಗೂ ಕಾಣುವ ಅಂಗಳದಲ್ಲಿ. ಹೀಗೆ ಎಲ್ಲ ಗೊತ್ತುಮಾಡಿ ಬಂದಳು. ತಿಂಗಳೊಪ್ಪತ್ತಿನಲ್ಲಿ ಮನುಷ್ಯ ಚಿಗುರಿಕೊಂಡ.

ಉಳಿದದ್ದು ಮನೆ. ಹೆಂಡತಿ ಇಸ್ತ್ರಿ ಅಂಗಡಿ ಇಟ್ಟುಕೊಂಡು ಸಂಸಾರ ತೂಗಿಸುತ್ತಿದ್ದಳು. ಮೂಗಕ್ಕ ಹೋಗಿ ಹೋಗಿ ಕೂತು, ಅವಳ ಮಡಚಿದ ಬಟ್ಟೆ ಎಣಿಸಿಕೊಟ್ಟು, ಕೊನೆಗೂ ಒಂದು ಮಾತು ಹೊರಡಿಸಿದಳು. "ಭಾನುವಾರದಿಂದ ಮನೇಗೆ ಬಂದಿರಲಿ. ಆದ್ರೆ ವಾಸನೆ ಬಂತು ಅಂದ್ರೆ ಅವತ್ತಿಗೇ ಮುಗೀತು ಅಕ್ಕ. ಮತ್ತೆ ಈ ಹೊಸಿಲು ತುಳಿಯೋ ಹಾಗಿಲ್ಲ."

ಭಾನುವಾರ ಬಸ್ ಸ್ಟಾಪಿಗೆ ಮೇಸ್ತ್ರಿ ಏದುಸಿರು ಬಿಡುತ್ತ ಬಂದ. ಯಾರದೋ ಮನೆಯ ಬಾಗಿಲು ಪಾಲಿಶ್ ಆಗಿ ಅರ್ಜೆಂಟಾಗಿ ಹೋಗಬೇಕೆಂದು ಮಾಲೀಕ ಬೆಳಗ್ಗೆಯೇ ಕರೆಸಿಕೊಂಡಿದ್ದನಂತೆ.

"ಸ್ನಾನ ಮಾಡೋಕಾಗ್ಲಿಲ್ಲ ಅಕ್ಕ, ಶರ್ಟ್ ಮಾತ್ರ ಬದಲಾಯಿಸ್ದೆ. ನನ್ನ ಮೂಗಿಗೆ ಗೊತ್ತಾಗಲ್ಲ, ರೂಢಿಯಾಗಿಬಿಟ್ಟಿದೆ. ನೀವೊಂದು ಸಲ ನೋಡಿ. ವಾಸನೆ ಇದೆಯಾ?"

ಅವಳು ಅಭ್ಯಾಸಬಲದಿಂದ ಕತ್ತು ಚಾಚಿದಳು. ಅವನ ಕಣ್ಣು ನೆಟ್ಟಗಿತ್ತು, ಕಾಲು ನೆಟ್ಟಗಿತ್ತು, ಮಾತು ನೆಟ್ಟಗಿತ್ತು.

"ಏನೂ ಇಲ್ಲ, ನಡಿಯಪ್ಪ."

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಮುಖಕ್ಕೆ ಸೆರಗು ಹಿಡಿದು ಎದ್ದುಹೋದಳು. ಡೀಸೆಲ್ ಹೊಗೆ ಇರಬೇಕು ಎಂದುಕೊಂಡಳು ಮೂಗಕ್ಕ.

ಹೆಂಡತಿ ಕಿಟಕಿ ಪಕ್ಕದ ಮೇಜಿನಲ್ಲಿ ಯಾರದೋ ಕೋಟು ತೀಡುತ್ತಿದ್ದಳು. ಇವರನ್ನು ಕಂಡು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಬಾಗಿಲಿಗೆ ಬಂದಳು. ಬಂದವಳು ಹಾವು ಕಂಡವಳಂತೆ ಹಿಂದೆ ಸರಿದಳು.

"ಅಕ್ಕ! ಇದೇನಕ್ಕ? ಗಪ್ ಅಂತ ಹೊಡೀತಿದೆ ವಾಸನೆ!"

"ಪಾಲಿಶ್ ವಾಸನೆ ಕಣೇ, ಕೆಲಸದಿಂದ ನೇರವಾಗಿ..." ಎಂದು ಮೇಸ್ತ್ರಿ ಶುರುಮಾಡಿದ. ಅವಳು ಅವನತ್ತ ನೋಡಲೂ ಇಲ್ಲ.

"ಇದೇ ಮಾತು ಕೇಳ್ಕೊಂಡೇ ನನ್ನ ಸಂಸಾರ ಹಾಳಾಯ್ತು. ದಿನಾ ಕುಡಿದು ಬಂದು ಪಾಲಿಶ್ ಅನ್ನೋದು. ಅದರ ಮರೆಯಲ್ಲೇ ಅಲ್ವಾ ಎಲ್ಲ ನಡೆದಿದ್ದು? ಅಕ್ಕ, ನಿಮ್ಮ ಮೂಗಿನ ವಿಷಯ ನಾನು ಕೇಳಿದೀನಿ. ನೀವು ಮೂಸಿ ಹೇಳಿ. ಇಲ್ಲ ಅಂದ್ರೆ ಇಲ್ಲ. ಬಾಯ್ಮುಚ್ಕೊಂಡು ಒಳಗೆ ಕರ್ಕೋತೀನಿ."

ಬಸ್ಸಿನ ಹೆಂಗಸು ಎದ್ದುಹೋದದ್ದು ಡೀಸೆಲ್ ಹೊಗೆಗಲ್ಲ ಎಂದು ಮೂಗಕ್ಕನಿಗೆ ಆಗ ಹೊಳೆಯಿತು. ಎಂಥ ಕೆಲಸ ಮಾಡಿಬಿಟ್ಟೆ! ಮೂಗಿದ್ದಿದ್ದರೆ ಬಸ್ ಸ್ಟಾಪಿನಲ್ಲೇ ಅವನಿಗೆ ನಾಲ್ಕು ಬೈದು ಸ್ನಾನಕ್ಕೆ ಅಟ್ಟಿರುತ್ತಿದ್ದಳು. ತಪ್ಪು ಅವನದಲ್ಲ, ತನ್ನದು. ಅವನು ಕುಡಿದಿಲ್ಲ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಮ್ಮೆ ಕತ್ತು ಚಾಚಿ "ಇಲ್ಲ" ಅಂದರೆ ಗೆದ್ದಂತೆ. ಆದರೆ ನಾಳೆ? ನಾಳೆಯೂ ಇವನು ಅದೇ ಕೈಯಲ್ಲಿ, ಅದೇ ವಾಸನೆಯಲ್ಲಿ ಈ ಬಾಗಿಲಿಗೆ ಬರುತ್ತಾನೆ. ಆಗ ಯಾರ ಮೂಗನ್ನು ಕರೆಯುತ್ತಾಳೆ ಇವಳು?

"ನನ್ನ ಮೂಗು ಸತ್ತು ವರ್ಷವಾಯ್ತಮ್ಮ" ಎಂದಳು. "ಜ್ವರ ಬಂದು ಹೋಯ್ತು. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ ನನಗೆ."

ಮೊದಲು ಬಾಯಿ ಬಿಟ್ಟವನು ಮೇಸ್ತ್ರಿ. "ಮತ್ತೆ... ದಿನಾ ಮೂಸ್ತಿದ್ರಲ್ಲ ಅಕ್ಕ?"

"ನಾಟಕ ಕಣೋ."

"ಅಯ್ಯೋ ದೇವರೇ! ನಿಮ್ಮ ಮೂಗಿಗೆ ಹೆದರಿ ನಾನು ಬಾರಿನ ರಸ್ತೆ ಬಿಟ್ಟು ಊರೆಲ್ಲ ಸುತ್ಕೊಂಡು ಬರ್ತಿದ್ನಲ್ಲ!" ಎಂದವನೇ ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದ. ನಗುವುದೋ ಅಳುವುದೋ ಅವನಿಗೇ ತಿಳಿಯದು.

ಹೆಂಡತಿ ನಗಲಿಲ್ಲ. ಆದರೆ ಬಾಗಿಲೂ ಹಾಕಲಿಲ್ಲ. ಮೂಗಕ್ಕನಿಗೆ ಅಷ್ಟೇ ಬೇಕಿತ್ತು, ಧೈರ್ಯ ವಾಪಸ್ಸು ಬಂತು.

"ನನ್ನ ಮೂಗು ಯಾಕಮ್ಮ, ದೇವರು ನಿನಗೂ ಒಂದು ಕೊಟ್ಟಿದಾನೆ. ಪಾಲಿಶ್ ಇರೋದು ಕೈಯಲ್ಲಿ, ಕುಡಿದಿದ್ರೆ ಇರೋದು ಬಾಯಲ್ಲಿ. ದೂರ ನಿಂತ್ರೆ ಎರಡೂ ಒಂದೇ ಥರ ಬರತ್ತೆ. ಹತ್ತಿರ ಹೋಗಿ ನೋಡು. ಕೈ ಹಿಂದಕ್ಕೆ ಕಟ್ಕೊಳ್ಳೋ ನೀನು, ಎದ್ದು ನಿಲ್ಲು."

ಅವನು ಶಾಲೆ ಹುಡುಗನಂತೆ ಕೈ ಹಿಂದೆ ಕಟ್ಟಿ ನಿಂತ. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು, ನಿಂತಳು. ಈ ಮನುಷ್ಯನಿಂದ ಮಾರು ದೂರದಲ್ಲಿ ಬದುಕುವುದನ್ನು ಕಲಿತು ಎಷ್ಟೋ ಕಾಲವಾಗಿತ್ತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಿಲು ದಾಟಿ ಬಂದು, ತುದಿಗಾಲಲ್ಲಿ ನಿಂತು, ಅವನ ಮುಖಕ್ಕೆ ಮುಖ ತಂದಳು.

"ಬಾಯಿ ತೆಗೀರಿ."

ತೆಗೆದ. ಅವಳು ಒಮ್ಮೆ ಮೂಸಿದಳು. ನಂಬಿಕೆ ಬಾರದೆ ಇನ್ನೊಮ್ಮೆ ಮೂಸಿದಳು.

"ಈರುಳ್ಳಿ" ಎಂದಳು.

"ಮಾಲೀಕರ ಮನೇಲಿ ಊಟಕ್ಕೆ ಕೊಟ್ಟಿದ್ರು" ಎಂದ ಅವನು, ಬಾಯಿ ಇನ್ನೂ ಪೂರ್ತಿ ಮುಚ್ಚದೆ.

ಅವಳು ತಕ್ಷಣ ದೂರ ಸರಿಯಲಿಲ್ಲ. ಅವನ ಶರ್ಟಿನ ಕಾಲರಿನ ಸುಕ್ಕನ್ನು ಬೆರಳಲ್ಲಿ ತೀಡಿ ಸರಿಮಾಡಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ನಾಳೆಯೂ ಮೂಸ್ತೀನಿ."

"ಹ್ಞೂಂ."

"ಕೆಲಸದಿಂದ ಬಂದ ತಕ್ಷಣ. ದಿನಾ. ಇಲ್ಲೇ, ಈ ಬಾಗಿಲಲ್ಲೇ."

"ದಿನಾ" ಎಂದ ಅವನು.

"ಒಳಗೆ ಹೋಗಿ ಕೈ ತೊಳ್ಕೊಳ್ಳಿ. ಸೋಪು ಮೊದಲಿದ್ದ ಜಾಗದಲ್ಲೇ ಇದೆ."

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳುವ ತನಕ ಮೂಗಕ್ಕ ಅಲ್ಲೇ ನಿಂತಿದ್ದು, ಆಮೇಲೆ ಬಸ್ ಹಿಡಿಯಲು ಹೊರಟಳು.