ಗೊಲ್ಲಾಳಪ್ಪನ ಬೆರಳು, ಹೊಂಡಯ್ಯನ ಕಲ್ಲು

ಜತ್ತ ತಾಲೂಕಿನಲ್ಲಿ ಹಳೇ ಕಲ್ಲು ಓದಬಲ್ಲ ಮನುಷ್ಯ ತಾನೊಬ್ಬನೇ ಎಂದು ಕುರಿಕಾಯುವ ಗೊಲ್ಲಾಳಪ್ಪ ಹೇಳಿಕೊಳ್ಳುತ್ತಿದ್ದ. "ಮುಂಬೈದಾಂವನ್ನ ತರ್ರಿ, ದಿಲ್ಲಿದಾಂವನ್ನ ತರ್ರಿ. ಈ ಕಲ್ಲು ನನ್ನ ಮುಂದ ಬಿಟ್ರ ಯಾರ ಮುಂದೂ ಬಾಯಿ ತಗಿಯೂದಿಲ್ಲ." ಸಾಲಿಯ ಕಟ್ಟೆಯನ್ನು ಅವನು ಹತ್ತಿದ್ದು ಜನ್ಮದಲ್ಲಿ ಒಂದೇ ಸಲ, ಅದೂ ಒಳಗೆ ನುಗ್ಗಿದ ಟಗರನ್ನು ಹೊರಗೆಳೆಯಲಿಕ್ಕೆ. ಓದಲು ಅಕ್ಷರ ಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ನಂಬುವವನಲ್ಲ.

ಅವನ ಊರು ಸೋನ್ಯಾಳದ ಆಚೆಗಿನ ಕಲ್ಲಹೊಂಡ. ಮನೆಗಳು ಹದಿನೇಳು, ಊರಿಗಿಂತ ಹೊಂಡವೇ ದೊಡ್ಡದು. ನಾಲ್ಕೂ ಕಡೆ ಮೆಟ್ಟಿಲು, ಎಂಥ ಬ್ಯಾಸಗಿಯಲ್ಲೂ ಬತ್ತದ ನೀರು, ದಂಡೆಯ ಮೇಲೆ ಎದೆಮಟ್ಟದ ಒಂದು ಕಲ್ಲು. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ. ಕೆಳಗೆ ಏಳು ಸಾಲು ಹಳಗನ್ನಡ. ಎಷ್ಟೋ ನೂರು ವರ್ಷದ ಕೆಳಗೆ ಹೊಂಡಯ್ಯನೆಂಬ ಕವಿ ಈ ನೀರಿನಲ್ಲಿ ಕೊರಳಮಟ ಕೂತು ಕಾವ್ಯ ಕಟ್ಟುತ್ತಿದ್ದನಂತೆ, ಅರಸನ ಸಿಟ್ಟಿಗೆ ಸಿಕ್ಕು ಇಲ್ಲೇ ಸತ್ತನಂತೆ. ಹಿರಿಯರು ಬಿಟ್ಟುಹೋದದ್ದು ಇಷ್ಟೇ. ಉಳಿದದ್ದೆಲ್ಲ ಗೊಲ್ಲಾಳಪ್ಪನ ಸ್ವಂತ ದುಡಿಮೆ.

ಅರವತ್ತರ ದಶಕದಲ್ಲಿ ಕವಿಯ ಊರು ನೋಡಬೇಕೆಂದು ಜನ ಬರತೊಡಗಿದರು. ಸಾಲಿ ಮಾಸ್ತರರು, ಜತ್ತದ ವಕೀಲರು, ಒಮ್ಮೊಮ್ಮೆ ಸಾಂಗಲಿಯ ಕಡೆಯ ಜೀಪು. ದೂಳು ಕಂಡರೆ ಸಾಕು, ನಲವತ್ತು ಕುರಿಗಳನ್ನು ನೀರಿಗೆ ಬಿಟ್ಟು ಗೊಲ್ಲಾಳಪ್ಪ ಕಲ್ಲಿನ ಬಳಿ ಹಾಜರು. ಕಂಬಳಿ ಸರಿಮಾಡಿಕೊಂಡು, ಕೆಮ್ಮಿ, ತೋರಬೆರಳನ್ನು ಮೊದಲ ಸಾಲಿಗೆ ಇಡುವನು. ಬೆರಳು ಸರಿದಂತೆ ಕತೆ ಸರಿಯುವುದು. ಎರಡನೇ ಸಾಲಿನಲ್ಲಿ ಅರಸನ ನಾಕುನೂರು ಕುದುರೆ ಬರುವವು. ಕೇಳುವವರು ಜೀಪಿನವರಾದರೆ ನಾಕು ಸಾವಿರ. ಐದನೇ ಸಾಲಿನಲ್ಲಿ ಕವಿಯ ತಲೆ ಹಾರುವುದು. "ಹಾರಿದ ತಲಿ ಮೂರ ದಿನ ಪದಾ ಹೇಳೇತ್ರಿ. ಹೂಂ ಅನ್ನಾಕ ಅರಸ ಒಬ್ಬ ಆಳ ಇಟ್ಟಿದ್ದ. ಇಲ್ಲೇ ಬರದೈತಿ ನೋಡ್ರಿ," ಎಂದು ಬೆರಳನ್ನು ಒತ್ತಿ ಉಜ್ಜುವನು. ಆ ಬೆರಳೋ, ಉಣ್ಣೆ ಕತ್ತರಿಸಿ, ಜಾಲಿ ಕಡಿದು ಕಡಿದು ಅರದಂತಾಗಿತ್ತು. ಅವನು ಕೆನ್ನೆ ಸವರಿದರೆ ಮೊಮ್ಮಕ್ಕಳಿಗೆ ಹಜಾಮತಿ ಆಗುತ್ತಿತ್ತು ಎಂದು ಊರವರ ಮಾತು.

ಹೆಂಡತಿ ಸಂಗವ್ವ ಮಾತ್ರ ಹೂಂ ಅನ್ನುವ ಆಳಲ್ಲ. "ತ್ವಾಳಾ ತಿಂದ ಉಳದ ಕುರೀನ ಒಂದಿನ ನಿಮ್ಮ ಬಾಯಿ ತಿಂತೈತಿ, ಬೇಕಾದ್ರ ನೋಡ್ರಿ," ಎಂದಿದ್ದಳು.

ಅರವತ್ತೊಂಬತ್ತರಲ್ಲಿ ಹಳೇ ಕಲ್ಲುಗಳ ಉಸ್ತುವಾರಿಯ ಸಾಹೇಬರೊಬ್ಬರು ಬಂದರು. ತಲೆ ಪದ ಹೇಳುವ ಜಾಗಕ್ಕೆ ಬಂದಾಗ ಸಾಹೇಬರ ಕಣ್ಣಲ್ಲಿ ನೀರು. ಮುಂದಿನ ವಾರ ಅವರು ಸಂಖದ ಶಿವಯೋಗೆಪ್ಪ ಮಾಸ್ತರರನ್ನು ಕರೆತಂದರು. ಮಾಸ್ತರರು ನಿಜಕ್ಕೂ ಹಳಗನ್ನಡ ಓದಬಲ್ಲವರು. ಕಲ್ಲಿಗೆ ಬೂದಿ ಉಜ್ಜಿ, ಕನ್ನಡಕ ಏರಿಸಿ, ಮಧ್ಯಾಹ್ನದವರೆಗೆ ಕೂತರು. ಕುದುರೆ ಒಂದೂ ಸಿಗಲಿಲ್ಲ.

"ಇದು ದತ್ತಿ ಶಾಸನ," ಎಂದರು ಮಾಸ್ತರರು. "ಈ ಹೊಂಡಾ ಯಾರಿಗೋ ಬಿಟ್ಟಾರ. ಇದಕ್ಕ ಅಡ್ಡ ಬಂದಾಂವ ಅರವತ್ತ ಸಾವಿರ ವರ್ಷ ಹೇಲಿನ್ಯಾಗಿನ ಹುಳ ಆಗಿ ಹುಟ್ಟತಾನ ಅಂತೈತಿ."

"ಯಾರಿಗೆ ಬಿಟ್ಟಾರ್ರಿ?" ಎಂದ ಗೊಲ್ಲಾಳಪ್ಪ.

"ಅದ ತೊಡಕು. ಅಲ್ಲಿ ಕಲ್ಲು ಸವದೈತಿ. ಮೊದಲಿಂದು ಕ, ಎರಡನೇದು ರಿನೋ ವಿನೋ ತಿಳಿಯಾಂಗಿಲ್ಲ. ಕೊಂಬು ಇದ್ರ ಅದು ಕುರಿ, ಇಲ್ಲಂದ್ರ ಕವಿ. ಕುರಿಗೆ ಬಿಟ್ಟ ಹೊಂಡ, ಇಲ್ಲಾ ಕವಿಗೆ ಬಿಟ್ಟ ಹೊಂಡ."

ಸವೆದ ಜಾಗ ಐದನೇ ಸಾಲಿನಲ್ಲಿತ್ತು. ತಲೆ ಪದ ಹೇಳುವ ಜಾಗವೇ. ಗೊಲ್ಲಾಳಪ್ಪ ತನ್ನ ತೋರಬೆರಳನ್ನು ಮೆಲ್ಲಗೆ ಕಂಬಳಿಯೊಳಗೆ ಎಳೆದುಕೊಂಡ.

"ಕುರಿಗೆ ಯಾರು ಕಲ್ಲು ಕೆತ್ತಸ್ತಾರ?" ಎಂದರು ಸಾಹೇಬರು. "ಮ್ಯಾಲೆ ಊರ ಮಂದಿ ಬಾಯಾಗೂ ಕವಿ ಅದಾನಲ್ಲ." ಊರ ಮಂದಿಯ ಬಾಯಿ ಯಾವುದೆಂದು ಅಲ್ಲಿದ್ದ ನಾಯಿಗೂ ಗೊತ್ತಿತ್ತು.

ಕವಿಯ ಹೊಂಡಕ್ಕೆ ಬೇಲಿ ಬರುತ್ತದೆ, ಜನಾವರಕ್ಕೆ ಪ್ರವೇಶವಿಲ್ಲ ಎಂದು ತಿಳಿದ ದಿನ ಗೊಲ್ಲಾಳಪ್ಪ ಜತ್ತದವರೆಗೆ ನಡೆದು, ಬಂಗಲೆಯಲ್ಲಿ ಇಳಿದಿದ್ದ ಸಾಹೇಬರ ಮುಂದೆ ಕೈಮುಗಿದು ನಿಂತ.

"ನಾ ಓದಿದ್ದೆಲ್ಲಾ ಸುಳ್ಳರಿ. ಕುದರಿ ಸುಳ್ಳು, ತಲಿ ಸುಳ್ಳು. ನನಗ ಅಕ್ಷರಾನ ಬರೂದಿಲ್ಲರಿ."

ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. "ಅಕ್ಷರ ಬರದ ಇಷ್ಟು ಬಾಯಿಪಾಠ? ಅಂದ್ರ ಇದು ಅಜ್ಜ ಮುತ್ತಜ್ಜರಿಂದ ಬಂದದ್ದು." ಅದನ್ನೂ ಬರೆದುಕೊಂಡರು.

"ಅಜ್ಜಂದಲ್ಲರಿ, ನಾನ ಕಟ್ಟಿದ್ದು."

"ನೀನೂ ಕಟ್ಟತೀ? ಕವಿ ಊರಿನ ನೀರು ಅಂದ್ರ ಹಿಂಗ." ಅದನ್ನೂ ಬರೆದರು.

ಜನ್ಮದಲ್ಲಿ ಒಂದೇ ಸಲ ನಿಜ ಹೇಳಿದ್ದು, ಅದೂ ಸುಳ್ಳಿಗೇ ಸಾಕ್ಷಿಯಾಗಿ ಹೋಯಿತು. ಅಷ್ಟು ವರ್ಷ ಸುಳ್ಳು ಹೇಳಿದಾಗ ಹಿಡಿಯುವವರು ಒಬ್ಬರೂ ಇರಲಿಲ್ಲ. ಈಗ ನಿಜ ಹೇಳಿದರೆ ಹಿಡಿಯುವವರು ಒಬ್ಬರೂ ಇಲ್ಲ. ಅವನು ಬಂದ ದಾರಿಯಲ್ಲೇ ತಿರುಗಿ ನಡೆದ.

ಮಳೆಗಾಲ ಮುಗಿಯುವುದರೊಳಗೆ ತಂತಿಬೇಲಿ ಬಂತು, ಕಬ್ಬಿಣದ ಬಾಗಿಲು ಬಂತು, ಮರಾಠಿಯಲ್ಲಿ ಬರೆದ ಹಲಗೆ ಬಂತು. ಮೊದಲ ದಿನ ಕುರಿಗಳು ರೂಢಿಯಂತೆ ಬಂದು ತಂತಿಗೆ ಮೂತಿ ಇಟ್ಟು ನಿಂತವು. ನೀರಿನ ವಾಸನೆ ಬರುತ್ತಿತ್ತು. ಅವು ಒದರಲಿಲ್ಲ, ಅವನ ಮುಖ ನೋಡಿದವು. ನಲವತ್ತು ಜೊತೆ ಕಣ್ಣು. ಗೊಲ್ಲಾಳಪ್ಪನಿಗೆ ಅವುಗಳ ಮುಂದೆ ಹೇಳಲು ಒಂದು ಕತೆಯೂ ಹೊಳೆಯಲಿಲ್ಲ.

ಅಂದಿನಿಂದ ನೀರಿಗೆ ನಾಕು ಮೈಲು ಆಚೆಯ ಹಳ್ಳ. ಹೋಗಿ ಬರುವುದರೊಳಗೆ ಕುಡಿದ ನೀರು ಬೆವರಾಗಿ ಹೋಗುವುದು. ಎಳೆ ಮರಿಗಳು ಅಷ್ಟು ನಡೆಯವು. ಎರಡು ಹೆಗಲ ಮೇಲೆ, ಒಂದು ಕಂಬಳಿಯೊಳಗೆ. ಹೆಗಲು ಎರಡೇ, ಮರಿಗಳು ಹೆಚ್ಚು. ಎಪ್ಪತ್ತೊಂದರ ಹೊತ್ತಿಗೆ ನಲವತ್ತು ಹೋಗಿ ಇಪ್ಪತ್ತಾರು ಉಳಿದವು. ಸಂಗವ್ವ ರೊಟ್ಟಿ ಬಡಿದು ಮೊದಲಿನದನ್ನು ಅವನ ತಾಟಿಗೇ ಹಾಕುತ್ತಿದ್ದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಚಲೋ ಅನ್ನಿಸುತ್ತಿತ್ತು.

ನೋಡುವ ಜನ ಮಾತ್ರ ಹೆಚ್ಚಿದರು. ಒಂದು ದಿನ ಶಿವಯೋಗೆಪ್ಪ ಮಾಸ್ತರರೇ ಪುಣೆಯ ಹತ್ತು ಮಂದಿಯನ್ನು ಕರೆತಂದರು. ಗೊಲ್ಲಾಳಪ್ಪ ಕುರಿಗಳೊಂದಿಗೆ ಹಳ್ಳದ ದಾರಿ ಹಿಡಿದಿದ್ದ.

"ಬಾರೋ ಗೊಲ್ಲಾಳಪ್ಪ, ನಮ್ಮ ಮಂದಿಗೆ ಒಂದೀಟು ಓದಿ ಹೇಳು. ನಿನಗ ಬಾಗಲಾ ತಗದೈತಿ."

"ನನಗ ನೀರಡಿಸಿಲ್ಲರಿ ಮಾಸ್ತರ್ರ. ಇವಕ್ಕ ನೀರಡಿಸೇತಿ," ಎಂದು ಕುರಿಗಳನ್ನು ತೋರಿಸಿದ. "ಕಲ್ಲಿನ್ಯಾಗ ಬರದದ್ದು ಕುರಿ ಅಂತನ ಐತ್ರಿ."

ಮಾಸ್ತರರು ನಕ್ಕರು. ಕೆಟ್ಟವರಲ್ಲ, ಪುರಾವೆ ಇಲ್ಲದೆ ಊಟಕ್ಕೂ ಏಳುವವರಲ್ಲ. "ಹೌದಂತ ನಂಗೂ ಒಮ್ಮೊಮ್ಮೆ ಅನಸ್ತೈತಿ. ಆದ್ರ ಕೊಂಬು ಎಲ್ಲೈತೋ ತಮ್ಮಾ? ಕೊಂಬು ತೋರಸು, ನಾಳೆನ ಸಾಹೇಬ್ರಿಗೆ ಬರದು ಬೇಲಿ ಕೀಳಸ್ತೀನಿ."

ಗೊಲ್ಲಾಳಪ್ಪ ತನ್ನ ಬೆರಳನ್ನೊಮ್ಮೆ ನೋಡಿಕೊಂಡ. ಆಮೇಲೆ ಹಿಂಡಿನೊಳಗೆ ಕೈಹಾಕಿ ಹಿರಿಯ ಟಗರನ್ನು ಎಳೆದು ತಂದು, ತಂತಿಗೆ ಅದರ ತಲೆ ಆನಿಸಿ ಹಿಡಿದ.

"ಕಲ್ಲಿಂದು ನಾ ಸವಿಸೀನ್ರಿ, ನನ್ನ ತಪ್ಪು. ಇಲ್ಲಿ ಇನ್ನೂ ಎರಡು ಅದಾವ, ಲಗೂನ ಓದ್ಕೋರಿ ಮಾಸ್ತರ್ರ. ನೀರ ಸಿಗಲಿಲ್ಲಂದ್ರ ಇವೂ ಬಾಳ ದಿನ ಇರೂದಿಲ್ಲ."